ದೀಪಾಲಿ, ಶರದ್, ಸ್ನೋಬಾಲ್: ಮಡಿಕೇರಿ ಹಿತ್ತಲಿಗೆ ಯಾವ ಹೂಕೋಸು?

ಕೊಡಗಿನಲ್ಲಿ ಹೂಕೋಸು ಬೆಳೆಯಬೇಕೆಂದವರು ಮೊದಲು ಕೈಹಾಕುವುದು ಸ್ನೋಬಾಲ್ ಬೀಜದ ಪೊಟ್ಟಣಕ್ಕೆ. ಬೆಟ್ಟದ ಊರು, ಚಳಿ ಇದೆ, ಹಾಗಾಗಿ ಚಳಿಯ ತಳಿಯೇ ಸರಿ ಎಂಬ ಲೆಕ್ಕ. ಮಡಿಕೇರಿ ಹತ್ತಿರದ ನಮ್ಮ ಹಿತ್ತಲಿನಲ್ಲಿ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯ ತಳಿಗಳಾದ ಪೂಸಾ ದೀಪಾಲಿ, ಪೂಸಾ ಶರದ್, ಪೂಸಾ ಸ್ನೋಬಾಲ್ ಕೆ-1 ಮೂರನ್ನೂ ಅಕ್ಕಪಕ್ಕದ ಮಡಿಗಳಲ್ಲಿ ಬೆಳೆದು ನೋಡಿದ ಮೇಲೆ ನನಗೆ ಆ ಲೆಕ್ಕದಲ್ಲಿ ನಂಬಿಕೆ ಉಳಿದಿಲ್ಲ.

ಹೂಕೋಸು ಭಾರತಕ್ಕೆ ಬಂದದ್ದು 1822ರಲ್ಲಿ, ಸಹಾರನ್‌ಪುರದ ಈಸ್ಟ್ ಇಂಡಿಯಾ ಕಂಪನಿಯ ತೋಟಕ್ಕೆ. ಉತ್ತರದ ರೈತರು ಸೆಕೆ ತಡೆದ ಗಿಡಗಳ ಬೀಜವನ್ನೇ ಆರಿಸುತ್ತ ಬಂದಿದ್ದರಿಂದ ನಮ್ಮದೇ ಗುಂಪೊಂದು ಹುಟ್ಟಿತು. ದೀಪಾಲಿಯಂಥ ಬೇಗದ ತಳಿಗಳಿಗೆ ಗಡ್ಡೆ, ಅಂದರೆ ನಾವು ತಿನ್ನುವ ಬಿಳಿ ಹೂಭಾಗ, ಕಟ್ಟಲು 20ರಿಂದ 27 ಡಿಗ್ರಿ ಸಾಕು. ಶರದ್‌ಗೆ 16ರಿಂದ 20 ಬೇಕು. ಯುರೋಪಿನ ಮೂಲದ ಸ್ನೋಬಾಲ್ ಕೇಳುವುದು 10ರಿಂದ 16. ಮಡಿಕೇರಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಅಷ್ಟಕ್ಕೆ ಇಳಿಯುತ್ತವೆ, ಆದರೆ ಹಗಲು ಏರುಬಿಸಿಲು. ಹೀಗಾಗಿ ನಮ್ಮ ಚಳಿ ಹೆಚ್ಚಾಗಿ ಶರದ್‌ನ ಚಳಿ.

ಮಡಿಯಲ್ಲೂ ಹಾಗೇ ಕಂಡಿತು. ಮಳೆಗೆ ಮರೆಕಟ್ಟಿ ಆಗಸ್ಟ್ ಕೊನೆಗೆ ಸಸಿಮಡಿ ಹಾಕಿ, ಮಳೆಯ ಜೋರು ತಗ್ಗಿದ ಮೇಲೆ ನಾಟಿ ಮಾಡಿದ ಶರದ್ ಡಿಸೆಂಬರ್ ಕೊನೆಯಲ್ಲಿ ಬಿಗಿಯಾದ ಗಡ್ಡೆ ಕೊಟ್ಟಿತು. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಹೊತ್ತಿಗೆ ನೆಟ್ಟ ಸ್ನೋಬಾಲ್ ಬಣ್ಣದಲ್ಲಿ ಎಲ್ಲರನ್ನೂ ಮೀರಿಸುತ್ತದೆ. ಒಳಎಲೆಗಳು ತಾವೇ ಗಡ್ಡೆಯನ್ನು ಮುಚ್ಚಿಕೊಳ್ಳುವುದರಿಂದ ಅಚ್ಚ ಬಿಳುಪು. ಆದರೆ ನಾಟಿಯಿಂದ ಮೂರು ತಿಂಗಳು ಹಿಡಿಯುವ ಬೆಳೆ. ಗಡ್ಡೆ ಕಟ್ಟುವ ವಾರದಲ್ಲಿ ಹಗಲು ಬೆಚ್ಚಗಾದರೆ ಮೇಲೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಹರಳು ಏಳುತ್ತದೆ. ನಾಟಿ ತಡವಾಗಿ ಗಡ್ಡೆ ಫೆಬ್ರವರಿಗೆ ಸರಿದರೆ ಇದು ತಪ್ಪುವುದಿಲ್ಲ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಅದರ ಉಪಚಾರಕ್ಕೆ ಪುರುಸೊತ್ತೂ ಇರುವುದಿಲ್ಲ.

ದೀಪಾಲಿಯ ಗಡ್ಡೆ ಚಿಕ್ಕದು, ಆದರೆ ನಮ್ಮ ಸುಗ್ಗಿಹಬ್ಬ ಪುತ್ತರಿಯ ಆಸುಪಾಸಿಗೆ, ನವೆಂಬರ್-ಡಿಸೆಂಬರ್‌ನಲ್ಲಿ, ಅಡುಗೆಮನೆಗೆ ಬರುತ್ತದೆ, ಬಿಸಿಲು ತಾಗದಂತೆ ಗಡ್ಡೆಯ ಮೇಲೆ ಎಲೆ ಕಟ್ಟುವ ಕೆಲಸವೂ ಇಲ್ಲ. ಕುಶಾಲನಗರದಲ್ಲಿರುವ ಅಕ್ಕನ ಹಿತ್ತಲಿಗೆ ನಾನು ಕೊಡುವುದು ಇದನ್ನೇ. ಅಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಸ್ನೋಬಾಲ್ ಅಲ್ಲಿಗೆ ಹೇಳಿದ್ದಲ್ಲ. ಒಂದು ಎಚ್ಚರ: ದೀಪಾಲಿಯ ಸಸಿ ಮಡಿಯಲ್ಲೇ ಬಲಿಯಬಾರದು. ಐದು ವಾರ ದಾಟಿದ ಸಸಿ ನೆಟ್ಟರೂ, ತಡವಾಗಿ ಚಳಿಗೆ ಸಿಕ್ಕಿಸಿದರೂ, ಗಿಡ ಬೆಳೆಯುವ ಮೊದಲೇ ಗುಂಡಿಯಷ್ಟು ಗಡ್ಡೆ ಕಟ್ಟಿ ಮುಗಿಸಿಬಿಡುತ್ತದೆ.

ಪೂಸಾ ಹಿಮಜ್ಯೋತಿ ಎಂಬ ಇನ್ನೊಂದು ತಳಿ ಬೆಟ್ಟಗಳಲ್ಲಿ ಏಪ್ರಿಲ್‌ನಿಂದ ಜುಲೈವರೆಗೂ ಬೆಳೆಯುತ್ತದೆ ಎಂದು ಓದಿ ಆಸೆಪಡುವವರಿದ್ದಾರೆ. ಅದು ಹಿಮಾಲಯದ ಬೆಟ್ಟದ ಮಾತು. ನಮ್ಮ ಜುಲೈ ಮಳೆಯಲ್ಲಿ ಹೂಕೋಸಿನ ಬೇರು ಕೊಳೆಯುವುದೇ ಹೆಚ್ಚು.

ಮಣ್ಣಿನ ವಿಷಯದಲ್ಲಿ ಮೂರಕ್ಕೂ ಒಂದೇ ಬೇಡಿಕೆ, ಮತ್ತು ಇಲ್ಲಿ ಉಳಿತಾಯ ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಮಳೆಗೆ ತೊಳೆದು ನಮ್ಮ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಂ ಎಂಬ ಸೂಕ್ಷ್ಮ ಪೋಷಕಾಂಶ ಗಿಡಕ್ಕೆ ಸಿಗದೆ ಎಲೆಯ ಅಂಚು ಮಾಯವಾಗಿ ನಡುನರ ಮಾತ್ರ ಚಾಟಿಯ ಹಾಗೆ ಉಳಿಯುತ್ತದೆ. ಕಾಫಿಗೆ ತಂದ ಸುಣ್ಣದಲ್ಲೇ ಒಂದಿಷ್ಟನ್ನು ನಾಟಿಗೆ ಎರಡು ಮೂರು ವಾರ ಮೊದಲು ಮಡಿಗೆ ಬೆರೆಸಿದರೆ ಇದು ಸರಿಹೋಗುತ್ತದೆ. ಆದರೆ ಸುಣ್ಣ ಹೆಚ್ಚಾದರೆ ಬೋರಾನ್ ಎಂಬ ಇನ್ನೊಂದು ಸೂಕ್ಷ್ಮ ಪೋಷಕಾಂಶ ಸಿಗುವುದು ಕಷ್ಟವಾಗಿ, ಗಡ್ಡೆ ಕಂದಿ ದಂಟು ಟೊಳ್ಳಾಗುತ್ತದೆ. ಅದಕ್ಕೆ ಚದರ ಮೀಟರಿಗೆ ಒಂದರಿಂದ ಒಂದೂವರೆ ಗ್ರಾಂ ಬೋರಾಕ್ಸ್ (ಬೋರಾನ್ ಇರುವ ಲವಣ) ಸಾಕು, ಅದಕ್ಕಿಂತ ಹೆಚ್ಚಾದರೆ ಗಿಡಕ್ಕೆ ವಿಷ.

ನರ್ಸರಿ ಟ್ರೇಯಲ್ಲಿ ಬರುವ ಹೈಬ್ರಿಡ್ ಸಸಿಗಳು ಒಂದೇ ಸಮ ಬೆಳೆಯುತ್ತವೆ, ನಿಜ. ಆದರೆ ಎಲ್ಲ ಗಡ್ಡೆಯೂ ಒಟ್ಟಿಗೇ ಬಲಿಯುವುದರಿಂದ ಮನೆಯ ಬಳಕೆಗೆ ಅನುಕೂಲವಿಲ್ಲ, ಬೀಜ ಹಿಡಿದರೆ ತಳಿ ಉಳಿಯುವುದೂ ಇಲ್ಲ. ಸ್ನೋಬಾಲ್‌ನ ಬೀಜವಂತೂ ಕುಲು ಕಣಿವೆಯಂಥ ಕಡು ಚಳಿಯಿಂದಲೇ ಬರಬೇಕು. ಬೀಜವನ್ನೂ ಹಿತ್ತಲಲ್ಲೇ ಮಾಡುವ ಆಸೆಯಿದ್ದರೆ ಒಳ್ಳೆಯ ದೀಪಾಲಿ ಗಿಡಗಳನ್ನು ಗುಂಪಾಗಿ ಕೊಯ್ಯದೆ ಬಿಡಿ. ಒಂಟಿ ಗಿಡ ತನ್ನಷ್ಟಕ್ಕೆ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಹತ್ತಿರದಲ್ಲಿ ನವಿಲುಕೋಸು ಹೂಬಿಟ್ಟಿದ್ದರೆ ಮೊದಲು ಅದನ್ನು ಕೀಳಿ, ಇಲ್ಲವಾದರೆ ಜೇನ್ನೊಣ ಎರಡನ್ನೂ ಬೆರೆಸುತ್ತದೆ.