ಹುಲ್ಲು ಮೇಯ್ದ ಟಗರು, ಕಾಳು ತಿಂದ ಟಗರು: ಕಡೂರು ಸೀಮೆಯ ಒಂದು ಹೋಲಿಕೆ

ಕಡೂರು ತಾಲ್ಲೂಕಿನ ನಮ್ಮ ಬಯಲು ಸೀಮೆಯಲ್ಲಿ ಮಾಂಸಕ್ಕೆಂದು ಸಾಕುವುದು ಮುಖ್ಯವಾಗಿ ಕುರಿಯನ್ನೇ ಆದ್ದರಿಂದ, ಹುಲ್ಲಿನ ಮೇಲೆ ಬೆಳೆಸುವುದು ಮೇಲೋ ಕಾಳು ಹಾಕಿ ಬೆಳೆಸುವುದು ಮೇಲೋ ಎಂಬುದನ್ನು ನಾನು ಟಗರುಮರಿಗಳಲ್ಲಿಯೇ ಪರೀಕ್ಷಿಸಿ ನೋಡಿದೆ. ಹಾಲು ಬಿಟ್ಟ, ಸುಮಾರು ಮೂರು ತಿಂಗಳ ಪ್ರಾಯದ, ಹೆಚ್ಚುಕಡಿಮೆ ಒಂದೇ ತೂಕದ ಮರಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಮಂದೆಯ ಜೊತೆ ಮೇಯಲು ಬಿಟ್ಟೆ. ಇನ್ನೊಂದನ್ನು ದೊಡ್ಡಿಯಲ್ಲಿಯೇ ಇರಿಸಿ, ರಾಗಿ ಹುಲ್ಲು ಮತ್ತು ಬೇಲಿ ಮೆಂತ್ಯವೆಂಬ ಹಸಿರು ಮೇವಿನ ಜೊತೆಗೆ ಮುಸುಕಿನ ಜೋಳದ ನುಚ್ಚು, ಕಡಲೆಕಾಯಿ ಹಿಂಡಿ ಹಾಗೂ ಗೋಧಿ ಬೂಸಾ ಬೆರೆಸಿದ ಆಹಾರ ಕೊಟ್ಟೆ.

ತೂಕದ ಮಟ್ಟಿಗೆ ಕಾಳಿನದೇ ಮೇಲುಗೈ. ದೊಡ್ಡಿಯ ಮರಿಗಳು ಮೇಯುವ ಮರಿಗಳಿಗಿಂತ ಸರಿಸುಮಾರು ಎರಡು ಪಟ್ಟು ವೇಗವಾಗಿ ಮೈತುಂಬಿಕೊಂಡವು. ಆದರೆ ಈ ವೇಗಕ್ಕೆ ದಿನವೂ ಕಣ್ಣಿಟ್ಟಿರುವ ಆಳು ಬೇಕು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಾರಿಗೆ ಒಗ್ಗಿಕೊಂಡಿರುತ್ತವೆ. ಒಮ್ಮೆಲೇ ಹೆಚ್ಚು ಕಾಳು ಬಿದ್ದರೆ ಅದರ ಪಿಷ್ಟ ಬೇಗ ಹುದುಗಿ ಆಮ್ಲವಾಗಿ, ಮರಿ ಮೆಲುಕು ನಿಲ್ಲಿಸುತ್ತದೆ, ಕೆಲವೊಮ್ಮೆ ಸಾಯುತ್ತದೆ. ಆದ್ದರಿಂದ ಒಂದೊಂದು ಹಿಡಿಯಿಂದ ಆರಂಭಿಸಿ ಎರಡು ಮೂರು ವಾರಗಳಲ್ಲಿ ಪ್ರಮಾಣ ಏರಿಸಬೇಕು, ಮೊದಲು ಒಣಹುಲ್ಲು ತಿನ್ನಿಸಿ ಅನಂತರವೇ ಕಾಳು ಕೊಡಬೇಕು. ಟಗರುಗಳಿಗೆ ಇನ್ನೊಂದು ಅಪಾಯವೂ ಉಂಟು. ಕಾಳಿನಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಈ ಅಸಮತೋಲನದಿಂದ ಮೂತ್ರದಲ್ಲಿ ಕಲ್ಲು ಕಟ್ಟಿಕೊಳ್ಳುತ್ತದೆ, ಮತ್ತು ಗಂಡಿನ ಮೂತ್ರನಾಳ ಕಿರಿದಾದ್ದರಿಂದ ಅದು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಸುಣ್ಣಕಲ್ಲಿನ ಪುಡಿ, ಉಪ್ಪು ಮತ್ತು ಸದಾ ತುಂಬಿದ ನೀರಿನ ತೊಟ್ಟಿ, ಈ ಮೂರನ್ನು ನಾನು ಎಂದೂ ತಪ್ಪಿಸುವುದಿಲ್ಲ.

ಹುಲ್ಲಿನ ಕಷ್ಟಗಳು ಬೇರೆ ಬಗೆಯವು. ಮುಂಗಾರಿನ ನಂತರ ಗರಿಕೆ ಚಿಗುರಿದಾಗ ಮರಿಗಳು ಹೊಟ್ಟೆ ತುಂಬ ಮೇಯುತ್ತವೆ, ನಿಜ; ಆದರೆ ಅದೇ ಹಸಿ ಹುಲ್ಲಿನೊಂದಿಗೆ ಜಂತುಹುಳುವಿನ ಮರಿಗಳೂ ಹೊಟ್ಟೆ ಸೇರುತ್ತವೆ. ರಕ್ತ ಹೀರುವ ಜಠರದ ಹುಳು ಹೆಚ್ಚಾದರೆ ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡು, ದವಡೆಯ ಕೆಳಗೆ ನೀರು ತುಂಬುತ್ತದೆ. ಕೆರೆಯಂಗಳದ ಜೌಗಿನಲ್ಲಿ ಮೇಯಿಸಿದರೆ, ಅಲ್ಲಿನ ಬಸವನಹುಳುವಿನ ಮೂಲಕ ಬೆಳೆಯುವ ಪಿತ್ತಜನಕಾಂಗದ ಹುಳುವಿನ ಕಾಟವೂ ಸೇರಿಕೊಳ್ಳುತ್ತದೆ. ಕರುಳುಬೇನೆಗಂತೂ ಎರಡು ಪದ್ಧತಿಗಳಲ್ಲಿ ಭೇದವಿಲ್ಲ: ಅತಿಯಾದ ಕಾಳಿನಿಂದಲೂ ಬರುತ್ತದೆ, ಹೊಸ ಎಳೆಹುಲ್ಲಿನಿಂದಲೂ ಬರುತ್ತದೆ, ಮತ್ತು ಚೆನ್ನಾಗಿ ತಿಂದು ಮೈತುಂಬಿದ ಮರಿಯನ್ನೇ ಮೊದಲು ಒಯ್ಯುತ್ತದೆ. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸುವುದೊಂದೇ ದಾರಿ. ಬೇಸಿಗೆಯಲ್ಲಿ ಜಾಲಿಕಾಯಿ ಬಿಟ್ಟರೆ ಹೊಲಬೀಡುಗಳಲ್ಲಿ ಹೇಳಿಕೊಳ್ಳುವಂಥ ಮೇವಿರುವುದಿಲ್ಲ, ಮರಿಗಳ ತೂಕ ನಿಂತೇಬಿಡುತ್ತದೆ.

ಹೀಗಿದ್ದರೂ ಖರ್ಚು ಕಳೆದು ನೋಡಿದಾಗ, ಸಾಧಾರಣ ಮಾರಾಟದ ಮರಿಗೆ ಹುಲ್ಲೇ ಮೇಲೆಂದು ನನ್ನ ತೀರ್ಮಾನ. ಹಿಂಡಿಯ ಬೆಲೆ ಏರಿದ ತಿಂಗಳಲ್ಲಿ ದೊಡ್ಡಿಯ ಮರಿ ಗಳಿಸಿದ ತೂಕದ ಬಹುಪಾಲು ಆಹಾರದ ಬಾಕಿಗೇ ಹೋಗುತ್ತದೆ. ಮೇಯುವ ಮಂದೆಯನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿದರೆ ಗೊಬ್ಬರಕ್ಕಾಗಿ ಹೊಲದವರು ಕಾಳನ್ನೋ ಹಣವನ್ನೋ ಕೊಡುತ್ತಾರೆ. ದೊಡ್ಡಿಯ ಗೊಬ್ಬರ ಒಂದೆಡೆ ಸಿಗುತ್ತದೆ, ತೋಟದವರು ಲಾರಿ ತಂದು ಒಯ್ಯುತ್ತಾರೆ ಎಂಬುದು ಕಾಳಿನ ಪಕ್ಷದಲ್ಲಿ ಹೇಳಬೇಕಾದ ಮಾತು.

ಮಾಂಸದ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಮೇಯ್ದ ಟಗರಿನದು ಬೇಯಲು ಹೆಚ್ಚು ಹೊತ್ತು ಹಿಡಿದರೂ ರುಚಿ ಗಾಢ. ಕಾಳು ತಿಂದದ್ದು ಮೃದು, ಆದರೆ ಒಳಕೊಬ್ಬು ಹೆಚ್ಚು. ಹುಲ್ಲು ಮೇಯ್ದ ಪ್ರಾಣಿಯ ಕೊಬ್ಬಿನಲ್ಲಿ ಒಮೇಗಾ-3 ಅಂಶ ಅಧಿಕವಿರುತ್ತದೆ. ಆದರೆ ನಮ್ಮ ಸಂತೆಯ ವ್ಯಾಪಾರಿ ಬೆನ್ನುಮೂಳೆಯ ಮೇಲೆ ಕೈಯಿಟ್ಟು ಮಾಂಸ ಎಷ್ಟಿದೆಯೆಂದು ಅಳೆಯುತ್ತಾನೆಯೇ ಹೊರತು, ಅದು ಏನು ತಿಂದು ಬೆಳೆದದ್ದು ಎಂದು ಕೇಳಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ.

ಬಕ್ರೀದ್ ಟಗರುಗಳ ಲೆಕ್ಕವೇ ಬೇರೆ. ಅಲ್ಲಿ ಮೈಕಟ್ಟು, ಕೊಂಬು, ಹೊಳಪುಗಳಿಗೆ ಬೆಲೆಯಿರುವುದರಿಂದ, ಮೂಳೆ ಬಲಿಯುವವರೆಗೆ ಹುಲ್ಲಿನ ಮೇಲೆಯೇ ಬೆಳೆಸಿ, ಹಬ್ಬಕ್ಕೆ ಎರಡು ತಿಂಗಳಿರುವಾಗ ಆರಿಸಿದ ಟಗರುಗಳನ್ನು ಮಾತ್ರ ದೊಡ್ಡಿಗೆ ತಂದು ಕಾಳು ಆರಂಭಿಸುತ್ತೇನೆ. ಹೆಣ್ಣುಕುರಿಗಳಿಗೆ ಗಬ್ಬದ ಕೊನೆಯ ತಿಂಗಳುಗಳಲ್ಲಿ ಹೊರತು ಕಾಳು ಕೊಡುವುದಿಲ್ಲ.