ಮಳೆಗಾಲದ ಲೈನಿಗೆ ಯಾವ ನೆಟ್‌ವರ್ಕ್ ಟೂಲ್?

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದ ಆಫೀಸಿನ ಸರ್ವರ್ ನೋಡಿಕೊಳ್ಳುವವನು ನಾನು. ಚೆಕ್‌ರೋಲ್ (ಆಳುಗಳ ಹಾಜರಿ), ಬಟವಾಡೆ ಲೆಕ್ಕ ಎಲ್ಲ ಅದರಲ್ಲೇ. ಅದರಲ್ಲಿ ಸೆಂಟ್‌ಓಎಸ್ 7 ಅನ್ನುವ ಲಿನಕ್ಸ್ ಇತ್ತು. 2024ರ ಜೂನ್ 30ಕ್ಕೆ ಅದರ ಅಪ್‌ಡೇಟ್ ನಿಂತಿತು. ಬದಲಾಯಿಸಲೇಬೇಕಾಯಿತು.

ಅದರಲ್ಲಿ ಇಂಟರ್ನೆಟ್ ಲೈನ್ ಹೊಂದಿಸುತ್ತಿದ್ದ ಹಳೆಯ ನೆಟ್‌ವರ್ಕ್ ಸ್ಕ್ರಿಪ್ಟ್ ಅಂದರೆ ನನಗೆ ಇವತ್ತಿಗೂ ಇಷ್ಟ. ಐಎಫ್‌ಸಿಎಫ್‌ಜಿ ಅಂತ ಒಂದು ಸೆಟ್ಟಿಂಗ್ ಫೈಲ್, ಹತ್ತು ಸಾಲು, ಓದಿದರೆ ಎಲ್ಲ ಅರ್ಥವಾಗುತ್ತಿತ್ತು. ಆದರೆ ಅದು ಬೂಟ್ ಆಗುವಾಗ ಒಮ್ಮೆ ಓಡಿ ಸುಮ್ಮನಾಗುತ್ತದೆ. ಆಮೇಲೆ ಲೈನ್ ಇದೆಯಾ, ಹೋಯ್ತಾ ಅಂತ ನೋಡುವುದಿಲ್ಲ. ಆ ಕೆಲಸಕ್ಕೆ ನಾನೇ ಲೈನ್ ತಟ್ಟಿ ನೋಡುವ ಒಂದು ಪಿಂಗ್ ಸ್ಕ್ರಿಪ್ಟ್ ಬರೆದು, ಹೊತ್ತಿಗೆ ಸರಿಯಾಗಿ ಓಡಿಸುವ ಕ್ರಾನ್‌ಗೆ ಹಾಕಿದ್ದೆ. ಸೆಂಟ್‌ಓಎಸ್‌ಗೆ ಮೂಲವಾದ ರೆಡ್ ಹ್ಯಾಟ್ ಲಿನಕ್ಸ್‌ನ 9ರಲ್ಲಿ ಈ ಸ್ಕ್ರಿಪ್ಟ್‌ಗಳನ್ನು ತೆಗೆದೇಬಿಟ್ಟಿದ್ದಾರೆ.

ಎರಡು ಯಂತ್ರ ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಡೆಬಿಯನ್ 12 ಲಿನಕ್ಸ್, ಲೈನ್ ನೋಡಿಕೊಳ್ಳಲು ಸಿಸ್ಟಂಡಿ-ನೆಟ್‌ವರ್ಕ್‌ಡಿ. ಇನ್ನೊಂದರಲ್ಲಿ ರೆಡ್ ಹ್ಯಾಟ್ 9ರಂಥದ್ದೇ ಆದ ಆಲ್ಮಾಲಿನಕ್ಸ್ 9, ಅದೇ ಕೆಲಸಕ್ಕೆ ನೆಟ್‌ವರ್ಕ್‌ಮ್ಯಾನೇಜರ್. ಎರಡರಲ್ಲೂ ಫೈಬರಿಗೆ ಮೆಟ್ರಿಕ್ 100, 4ಜಿ ಡಾಂಗಲ್‌ಗೆ 700. ಮೆಟ್ರಿಕ್ ಅಂದರೆ ಲೈನಿನ ಸರದಿ, ಕಡಿಮೆ ಅಂಕಿ ಇದ್ದದ್ದು ಮೊದಲು.

ನೆಟ್‌ವರ್ಕ್‌ಡಿ ಹಗುರ, ಅಚ್ಚುಕಟ್ಟು. ಸ್ಕ್ರಿಪ್ಟ್ ಕೈಗೆ ಒಗ್ಗಿದವರಿಗೆ ಇದೇ ಹತ್ತಿರ ಅನ್ನಿಸುತ್ತದೆ. ಕೇಬಲ್ ಕಿತ್ತೆ, ತಕ್ಷಣ ಡಾಂಗಲ್ ಹಿಡಿಯಿತು. ಸಂತೋಷವಾಯಿತು.

ಜುಲೈಯಲ್ಲಿ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿತ್ತು. ಫೈಬರ್ ತುಂಡಾದದ್ದು ರಸ್ತೆಯಲ್ಲಿ. ಆಫೀಸಿನ ರೌಟರ್ ದೀಪ ಉರಿಯುತ್ತಲೇ ಇತ್ತು, ಕೇಬಲ್ ಜೀವಂತ. ನಮ್ಮ ಕಡೆ ಲೈನ್ ಹೋಗುವುದು ಹೀಗೇ ಜಾಸ್ತಿ, ಅಲ್ವಾ? ನೆಟ್‌ವರ್ಕ್‌ಡಿ ಎಲ್ಲ ಸರಿಯಿದೆ ಅಂದುಕೊಂಡು ಫೈಬರನ್ನೇ ಹಿಡಿದು ಕೂತಿತು. ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಕನೆಕ್ಟಿವಿಟಿ ಚೆಕ್ ಅಂತ ಒಂದಿದೆ. ಕೊಟ್ಟ ವಿಳಾಸ ಸಿಗದಿದ್ದರೆ ಆ ಲೈನಿನ ಮೆಟ್ರಿಕ್‌ಗೆ 20000 ಕೂಡಿಸುತ್ತದೆ. ಫೈಬರ್ 20100 ಆಯಿತು, 700ರ ಡಾಂಗಲ್ ಮುಂದೆ ಬಂತು. ಸಂಜೆ ಲೈನ್ ಜೋಡಿಸಿದ ಮೇಲೆ ತಾನಾಗಿಯೇ ಫೈಬರಿಗೆ ವಾಪಸ್. ಸುಮ್ನೆ ಬಿಟ್ಟರೆ 300 ಸೆಕೆಂಡಿಗೊಮ್ಮೆ ನೋಡುತ್ತದೆ. ನಾನು 60ಕ್ಕೆ ಇಳಿಸಿದ್ದೇನೆ. ನನ್ನ ಕ್ರಾನ್ ಸ್ಕ್ರಿಪ್ಟ್ ಅಂದೇ ಅಳಿಸಿದೆ.

ಇನ್ನೊಂದು. ರೌಟರ್ ಬದಲಾದ ದಿನ ನಾನು ಹಾಸನದಲ್ಲಿದ್ದೆ. ತೋಟದ ರೈಟರ್‌ಗೆ ಫೋನಿನಲ್ಲಿ 'ಎನ್‌ಎಂಟಿಯುಐ' (nmtui) ಅಂತ ಇಂಗ್ಲಿಷಿನ ಐದು ಅಕ್ಷರ ಟೈಪ್ ಮಾಡಿಸಿದೆ. ನೆಟ್‌ವರ್ಕ್‌ಮ್ಯಾನೇಜರ್‌ನ ಸೆಟ್ಟಿಂಗ್ ಪರದೆ ಅದು. "ಸಾರ್, ಗೇಟ್‌ವೇ ಅಂತ ಒಂದು ಬಾಕ್ಸ್ ಇದೆ, ಇದೇನಾ?" ಅದೇ. ಹತ್ತು ನಿಮಿಷದಲ್ಲಿ ಮುಗಿಯಿತು. ಐಎಫ್‌ಸಿಎಫ್‌ಜಿ ಫೈಲನ್ನು ಫೋನಿನಲ್ಲಿ ತಿದ್ದಿಸುವುದು ಎಷ್ಟು ಕಷ್ಟ ಅಂತ ಮಾಡಿಸಿದವರಿಗೇ ಗೊತ್ತು.

ತೋಟದಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಉಳಿಯಿತು. ಡೆಬಿಯನ್ ಯಂತ್ರ ಚಿಕ್ಕಮಗಳೂರಿನ ಆಫೀಸಿಗೆ ಹೋಯಿತು. ಅಲ್ಲಿ ಒಂದೇ ಲೈನ್, ವಿಳಾಸ ಬದಲಾಗುವುದಿಲ್ಲ. ಅದಕ್ಕೆ ನೆಟ್‌ವರ್ಕ್‌ಡಿ ಧಾರಾಳ ಸಾಕು.