ಒಂದೇ ಹನಿ ರಕ್ತಕ್ಕೆ 4,500 ರೂಪಾಯಿ: ಮೈಸೂರಿನ ಓಟಗಾರರೇ, ಎಚ್ಚರ

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಓಡುವವರೆಲ್ಲ ದಯವಿಟ್ಟು ಇದನ್ನು ಓದಿ. ಲ್ಯಾಕ್ಟೇಟ್ ಥ್ರೆಶೋಲ್ಡ್ ಪರೀಕ್ಷೆ (ಜೋರಾಗಿ ಓಡಿದಾಗ ಸ್ನಾಯುಗಳಿಂದ ರಕ್ತಕ್ಕೆ ಸೇರುವ ಲ್ಯಾಕ್ಟೇಟ್ ಎಂಬ ವಸ್ತುವನ್ನು ಅಳೆಯುವುದು) ಎಂದು ಹೇಳಿ ನಮ್ಮೂರಿನ ಒಂದು ಫಿಟ್ನೆಸ್ ಕೇಂದ್ರದವರು ನನ್ನಿಂದ 4,500 ರೂಪಾಯಿ ಕಿತ್ತರು. ಹಣ ಹೋಗಲಿ, ಎರಡು ತಿಂಗಳ ಅಭ್ಯಾಸ ಮಣ್ಣುಪಾಲಾಯಿತು. ಹೊಟ್ಟೆ ಉರಿಯುತ್ತಿರುವುದು ಅದಕ್ಕೆ.

ಈ ಪರೀಕ್ಷೆ ಹೇಗೆ ನಡೆಯುತ್ತದೆಂದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಟ್ರೆಡ್‌ಮಿಲ್ ವೇಗವನ್ನು 3ರಿಂದ 5 ನಿಮಿಷಕ್ಕೊಮ್ಮೆ ಏರಿಸುತ್ತಾರೆ. ಪ್ರತಿ ಹಂತದಲ್ಲೂ ಬೆರಳಿನಿಂದಲೋ ಕಿವಿಯ ಹಾಲೆಯಿಂದಲೋ ಒಂದು ಹನಿ ರಕ್ತ ತೆಗೆಯುತ್ತಾರೆ. ಸುಮ್ಮನೆ ಕುಳಿತಾಗ ಲೀಟರಿಗೆ ಸುಮಾರು 1 ಮಿಲಿಮೋಲ್ ಇರುವ ಲ್ಯಾಕ್ಟೇಟ್ ಯಾವ ವೇಗದಲ್ಲಿ ಸರ್ರನೆ ಏರತೊಡಗುತ್ತದೆ ಎಂದು ಹಿಡಿಯುವುದೇ ಇದರ ತಿರುಳು. ಆ ಮಿತಿಯೇ ಥ್ರೆಶೋಲ್ಡ್, ಅದನ್ನು ದಾಟಿದರೆ ಹೆಚ್ಚು ಹೊತ್ತು ಓಡಲಾಗದು. ಅದಕ್ಕೆ ಹಲವು ಹನಿ ಬೇಕು. ನನಗೆ ಚುಚ್ಚಿದ್ದು ಒಂದೇ ಸಲ, ಅದೂ ಎಲ್ಲ ಮುಗಿದು ನಾನು ಏದುಸಿರು ಬಿಡುತ್ತಿದ್ದಾಗ! ಬೆರಳಿನ ಬೆವರನ್ನೂ ಒರೆಸಲಿಲ್ಲ. ಬೆವರಿನಲ್ಲೂ ಲ್ಯಾಕ್ಟೇಟ್ ಇರುತ್ತದೆ, ಅದು ಬೆರೆತರೆ ಅಂಕಿ ಕೆಟ್ಟಂತೆಯೇ.

ಕೇಳಿದೆ. ‘ಇದು ಹೊಸ ವಿಧಾನ ಸರ್, ಒಂದು ಹನಿ ಸಾಕು, ಉಳಿದದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ’ ಎಂದರು. ನಂಬಿದೆ. ಯಾಕೆ ನಂಬಿದೆನೋ!

ಎಂಟು ಪುಟದ ವರದಿ, ಬಣ್ಣಬಣ್ಣದ ನಕ್ಷೆ. ಥ್ರೆಶೋಲ್ಡ್ ಹೃದಯ ಬಡಿತ, ಅಂದರೆ ಆ ಮಿತಿಯಲ್ಲಿನ ಬಡಿತ, ನಿಮಿಷಕ್ಕೆ 161 ಎಂದಿತ್ತು. ವಾರಕ್ಕೆರಡು ದಿನ ಆ ಬಡಿತ ಹಿಡಿದು ಓಡಿದೆ. ಹತ್ತು ನಿಮಿಷಕ್ಕೇ ಕಾಲು ಕಲ್ಲಾಗುತ್ತಿತ್ತು. ಫೋನ್ ಮಾಡಿದರೆ, ‘ಮನಸ್ಸು ಗಟ್ಟಿ ಮಾಡಿಕೊಳ್ಳಿ ಸರ್.’ ಹಾಫ್ ಮ್ಯಾರಥಾನ್‌ನಲ್ಲೂ ಅದನ್ನೇ ನಂಬಿ ಹೊರಟೆ. 14ನೇ ಕಿಲೋಮೀಟರಿನಲ್ಲಿ ನಿಂತೆ, ಉಳಿದದ್ದನ್ನು ನಡೆದೆ. ಕೊನೆಯಲ್ಲಿ ಕಾಯುತ್ತಿದ್ದ ಮಗಳ ಮುಖ ನೋಡಲಾಗಲಿಲ್ಲ.

ಮೋಸ ಗೊತ್ತಾದದ್ದು ಆಮೇಲೆ. ನನ್ನ ಗೆಳೆಯನೊಬ್ಬ ಅಲ್ಲಿಯೇ ಪರೀಕ್ಷೆ ಮಾಡಿಸಿದ್ದ. 5 ಕಿಲೋಮೀಟರ್ ದಾಟಿ ಓಡಿದವನೇ ಅಲ್ಲ. ಕೆರೆಯ ಬಳಿ ಕಲ್ಲುಬೆಂಚಿನ ಮೇಲೆ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟೆವು. ಅವನದೂ 161. ನಕ್ಷೆಯ ಗೆರೆಯೂ ಅದೇ, ಒಂದು ಕೂದಲೆಳೆ ಆಚೀಚೆ ಇಲ್ಲ. ಇಬ್ಬರಿಗೂ ವಯಸ್ಸು 41. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಎಂಬುದು ಒಂದು ಅಂದಾಜು ಸೂತ್ರ. 220ರಲ್ಲಿ 41 ಕಳೆದರೆ 179, ಅದರ ಶೇಕಡಾ 90 ಎಂದರೆ 161. ಮೊಬೈಲಿನಲ್ಲಿ ಲೆಕ್ಕ ಹಾಕುವಾಗ ನನ್ನ ಕೈ ನಡುಗುತ್ತಿತ್ತು. ರಕ್ತದ ಲೆಕ್ಕವೇ ಇಲ್ಲ, ಬರೀ ವಯಸ್ಸಿನ ಲೆಕ್ಕ!

ನೇರವಾಗಿ ಹೋಗಿ ಕೇಳಿದೆ. ‘ಒಂದೇ ವಯಸ್ಸಿನವರಿಗೆ ಒಂದೇ ಅಂಕಿ ಬರುವುದು ಸಹಜ ಸರ್.’ ಸಹಜವಲ್ಲ. ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಬಡಿತದಲ್ಲಿಯೇ ಹತ್ತಿಪ್ಪತ್ತರ ವ್ಯತ್ಯಾಸ ಇರಬಹುದು. ಹಂತಹಂತದ ಅಂಕಿಗಳನ್ನು ಕೊಡಿ ಎಂದೆ. ‘ಅದನ್ನು ಕೊಡುವುದು ನಮ್ಮ ನಿಯಮದಲ್ಲಿಲ್ಲ.’ ಹಣ ಕೇಳಿದಾಗ, ‘ಇನ್ನೊಮ್ಮೆ ಮಾಡಿಸಿ ಸರ್, ಅರ್ಧ ಬೆಲೆಗೆ ಮಾಡಿಕೊಡುತ್ತೇವೆ.’ ಇದನ್ನು ನನ್ನ ಮುಖ ನೋಡಿಕೊಂಡೇ ಹೇಳಿದರು! ಈಗ ನನ್ನ ಕರೆಯನ್ನೇ ತೆಗೆಯುವುದಿಲ್ಲ.

ಕೊನೆಗೆ ಸಮತಟ್ಟಾದ ರಸ್ತೆಯಲ್ಲಿ ಒಬ್ಬನೇ 30 ನಿಮಿಷ ಸಾಧ್ಯವಾದಷ್ಟು ಜೋರಾಗಿ, ಒಂದೇ ಹದದಲ್ಲಿ ಓಡಿ, ಕೊನೆಯ 20 ನಿಮಿಷದ ಸರಾಸರಿ ಬಡಿತ ನೋಡಿದೆ, ಅದು ಥ್ರೆಶೋಲ್ಡ್ ಬಡಿತಕ್ಕೆ ಹತ್ತಿರವಿರುತ್ತದೆ. 149. ಒಂದು ಪೈಸೆ ಖರ್ಚಿಲ್ಲದೆ ಸಿಕ್ಕ ಅಂಕಿ ಅದು.

ಹಣ ಕೊಡುವ ಮೊದಲು ಎಷ್ಟು ಹನಿ ತೆಗೆಯುತ್ತೀರಿ, ಪ್ರತಿ ಹಂತದ ಅಂಕಿ ಕೊಡುತ್ತೀರಾ ಎಂದು ಕೇಳಿ. ತಡವರಿಸಿದರೆ ಎದ್ದು ಬನ್ನಿ. ರಸೀದಿಯಲ್ಲಿ ಪರೀಕ್ಷೆಯ ಹೆಸರು ಬರೆಸಿಕೊಳ್ಳಿ, ನನ್ನದರಲ್ಲಿ ‘ಸೇವಾ ಶುಲ್ಕ’ ಎಂದಷ್ಟೇ ಇದೆ. ಆದರೂ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ನೀವೂ ಇಂತಹ ಎಂಟು ಪುಟದ ವರದಿ ಪಡೆದಿದ್ದರೆ, 220ರಲ್ಲಿ ನಿಮ್ಮ ವಯಸ್ಸು ಕಳೆದು, ಅದರ ಶೇಕಡಾ 90 ಲೆಕ್ಕ ಹಾಕಿ ನೋಡಿ, ಹೊಂದಿಕೆಯಾದರೆ ನನಗೆ ತಿಳಿಸಿ.